ಟರ್ಪಾಲಿನಡಿಯ ತೇವ: ಬೈಕಂಪಾಡಿಗೆ ಬಂದ ಒಂದು ಶೀಟು ಲೋಡಿನ ಪ್ರಕರಣ ಅಧ್ಯಯನ

ಮಳೆಗಾಲದಲ್ಲಿ ಘಟ್ಟ ಇಳಿದು ಬಂದ ಲೋಡು ಒದ್ದೆಯಾಗಿ ತಲುಪಿದರೆ, ಚಾಲಕ ಟರ್ಪಾಲು ಸರಿಯಾಗಿ ಕಟ್ಟಿಲ್ಲ ಎಂಬ ತೀರ್ಮಾನ ಗೋದಾಮಿನ ಬಾಗಿಲಲ್ಲೇ ಆಗಿಹೋಗುತ್ತದೆ. ಸಾಗಾಣಿಕೆಯಲ್ಲಾದ ನಷ್ಟದ ತಕರಾರುಗಳನ್ನು ಪರಿಶೀಲಿಸಿ ವರದಿ ಕೊಡುವುದು ನನ್ನ ವೃತ್ತಿ. ಅಂಥ ಪರಿಶೀಲನೆಗಳಲ್ಲಿ ಒಂದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಈ ಪ್ರಕರಣದಲ್ಲಿ ಟರ್ಪಾಲಿಗೆ ಒಂದು ತೂತೂ ಇರಲಿಲ್ಲ, ಹಗ್ಗ ಎಲ್ಲಿಯೂ ಸಡಿಲವಾಗಿರಲಿಲ್ಲ; ಆದರೂ ಸರಕು ಒದ್ದೆಯಾಗಿತ್ತು, ಮತ್ತು ನಷ್ಟ ಕಟ್ಟಿಕೊಡಬೇಕಾದವರ ಸಾಲಿನಲ್ಲಿ ಚಾಲಕರನ್ನೇ ಮೊದಲು ನಿಲ್ಲಿಸಲಾಗಿತ್ತು. ಸಂಬಂಧಪಟ್ಟ ವ್ಯಕ್ತಿಗಳ ಹಾಗೂ ಸಂಸ್ಥೆಗಳ ಹೆಸರುಗಳನ್ನು ಬಿಟ್ಟಿದ್ದೇನೆ.

ಲೋಡು ಮತ್ತು ಅದರ ಕಟ್ಟು

ಲಾರಿಯು ಬದಿ ಹಲಗೆಗಳಿಲ್ಲದ, 10 ಚಕ್ರದ ಫ್ಲ್ಯಾಟ್‌ಬೆಡ್. 2018ರ ಪರಿಷ್ಕರಣೆಯ ನಂತರ ಇಂಥ ಲಾರಿಗೆ ಸರಕೂ ಸೇರಿ ಒಟ್ಟು 28.5 ಟನ್ ತೂಕದವರೆಗೆ ಅವಕಾಶವಿದ್ದು, ಅಂದು ಹೇರಿದ್ದ ಸುಮಾರು 17 ಟನ್ ಆ ಮಿತಿಯೊಳಗೇ ಇತ್ತು. ಸರಕು ಜಿಐ ಶೀಟು, ಅಂದರೆ ಸತುವಿನ ಲೇಪವಿರುವ ಸಪಾಟು ಉಕ್ಕಿನ ತಗಡು. ಒಟ್ಟು 12 ಬಂಡಲ್. ಬೆಂಗಳೂರಿನ ಹೊರವಲಯದ ಒಂದು ಯಾರ್ಡಿನಲ್ಲಿ ಜುಲೈ ತಿಂಗಳ ಒಂದು ಶುಕ್ರವಾರ ಸಂಜೆ ಲೋಡಾಗಿ, ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಗೋದಾಮಿಗೆ ತಲುಪಬೇಕಾಗಿತ್ತು. ಚಾಲಕರು ಕಾಪು ಕಡೆಯವರು. ಕ್ಲೀನರ್ ಆಗಿ ಕೆಲಸಕ್ಕೆ ಸೇರಿ, ಲೋಡು ಕಟ್ಟುವುದನ್ನು ಕಲಿತ ಮೇಲೆಯೇ ಸ್ಟಿಯರಿಂಗ್ ಹಿಡಿದವರು. ಆ ಟ್ರಿಪ್ಪಿಗೆ ಅವರ ಜೊತೆ ಕ್ಲೀನರ್ ಇರಲಿಲ್ಲ.

ಬದಿ ಇಲ್ಲದ ಲಾರಿಯಲ್ಲಿ ಸರಕನ್ನು ಹಿಡಿದಿಡುವ ಕೆಲಸವೇ ಬೇರೆ, ಮುಚ್ಚುವ ಕೆಲಸವೇ ಬೇರೆ, ಮತ್ತು ಎರಡಕ್ಕೂ ಹೊರಗಿನವರು ಊಹಿಸುವುದಕ್ಕಿಂತ ಹೆಚ್ಚಿನ ಸಮಯ ಹಿಡಿಯುತ್ತದೆ. ಚಾಲಕರು ಮೊದಲು ಬಂಡಲ್‌ಗಳ ಮೇಲೆ ಚೈನು ಮತ್ತು ಬೆಲ್ಟ್ ಹಾಯಿಸಿ ಬಿಗಿದಿದ್ದರು. ತಗಡಿನ ಅಂಚು ಬೆಲ್ಟನ್ನು ಕತ್ತರಿಸದಂತೆ ಪ್ರತಿ ಮೂಲೆಗೂ ಹಳೆಯ ಟ್ಯೂಬಿನ ತುಂಡನ್ನು ಎರಡು ಮಡಿಕೆ ಮಾಡಿ ಇಟ್ಟಿದ್ದರು. ಟರ್ಪಾಲು ಉಜ್ಜಿ ಹರಿಯದಂತೆ ಅಂಚುಗುಂಟ ಗೋಣಿ ಹಾಸಿದ್ದರು. ಆಮೇಲೆ ಎರಡು ಟರ್ಪಾಲುಗಳಲ್ಲಿ ಹಿಂಬದಿಯದನ್ನು ಮೊದಲು ಹೊದೆಸಿ, ಮುಂಬದಿಯದನ್ನು ಅದರ ಮೇಲೆ ಸುಮಾರು ನಾಲ್ಕು ಅಡಿ ಬರುವಂತೆ ಎಳೆದಿದ್ದರು. ಮಾಡಿಗೆ ಹೆಂಚು ಹೊದೆಸುವವರು ಕೆಳಸಾಲಿನಿಂದ ಆರಂಭಿಸುವ ಕಾರಣವೇ ಇಲ್ಲಿಯದು ಕೂಡ: ಓಡುವ ಲಾರಿಗೆ ಮಳೆ ಮುಂದಿನಿಂದ ಹೊಡೆಯುವುದರಿಂದ ಜೋಡಣೆಯ ಬಾಯಿ ಹಿಂದಕ್ಕೆ ಇರಬೇಕು. ಮುಂಭಾಗದ ಮೂಲೆಗಳನ್ನು ಗಾಳಿ ಹಿಡಿಯದಂತೆ ಒಳಮಡಿಕೆ ಮಾಡಿ, ಎರಡೂ ಬದಿಯ ಕೊಕ್ಕೆಗಳಿಗೆ ನೈಲಾನ್ ಹಗ್ಗವನ್ನು ಅಡ್ಡಡ್ಡ ಹಾಯಿಸಿ ಕಟ್ಟಿದ್ದರು. ನೈಲಾನ್ ನೆನೆದರೆ ಸ್ವಲ್ಪ ಹಿಗ್ಗುತ್ತದೆ, ನಾರಿನ ಹಗ್ಗದ ಗುಣ ಇದಕ್ಕೆ ತಿರುಗುಮುರುಗು. ಇದನ್ನು ಬಲ್ಲವರಾದುದರಿಂದ ಅವರು ಕುಣಿಗಲ್ ಬಳಿ ಒಮ್ಮೆ, ಹಾಸನದಲ್ಲಿ ಮತ್ತೊಮ್ಮೆ ಲಾರಿ ನಿಲ್ಲಿಸಿ ಹಗ್ಗ ಎಳೆದು ಬಿಗಿ ಮಾಡಿದ್ದರು.

ಈ ಕೆಲಸವನ್ನೆಲ್ಲ ಅವರು ತುಂತುರು ಮಳೆಯಲ್ಲಿ, ಆಳೆತ್ತರಕ್ಕಿಂತಲೂ ಮೇಲೆ, ಜಾರುವ ಪ್ಲಾಸ್ಟಿಕ್ ಹಾಳೆಯ ಮೇಲೆ ನಿಂತು, ಹಿಡಿದುಕೊಳ್ಳಲು ಯಾವ ಆಧಾರವೂ ಇಲ್ಲದೆ ಒಬ್ಬರೇ ಮಾಡಿದ್ದರು. ನೆನೆದ ಕ್ಯಾನ್ವಾಸ್ ಟರ್ಪಾಲನ್ನು ಒಬ್ಬರೇ ಮೇಲಕ್ಕೆ ಎಳೆಯುವುದು ಎಷ್ಟು ಅಪಾಯದ ಕೆಲಸವೆಂಬುದು ಒಮ್ಮೆ ಪಕ್ಕದಲ್ಲಿ ನಿಂತು ನೋಡಿದವರಿಗಷ್ಟೇ ತಿಳಿಯುತ್ತದೆ. ಯಾರ್ಡಿನವರು ಮೇಲೇರಲು ಒಂದು ಏಣಿಯನ್ನು ಕೂಡ ಕೊಟ್ಟಿರಲಿಲ್ಲ ಎಂಬುದನ್ನು ನನ್ನ ವರದಿಯಲ್ಲಿ ಪ್ರತ್ಯೇಕವಾಗಿ ನಮೂದಿಸಿದ್ದೇನೆ. ಅದು ತಕರಾರಿಗೆ ಸಂಬಂಧಪಟ್ಟ ವಿಷಯವಲ್ಲದಿದ್ದರೂ ದಾಖಲಾಗಬೇಕಾದ ವಿಷಯ.

ಮುಚ್ಚುವ ಮುನ್ನ ಚಾಲಕರು ಒಂದು ಸಂಗತಿಯನ್ನು ಗಮನಿಸಿದ್ದರು. ಬಂಡಲ್‌ಗಳ ಅಡಿಗೆ ಮತ್ತು ಒಂದರ ಮೇಲೊಂದು ಇಟ್ಟ ಬಂಡಲ್‌ಗಳ ನಡುವೆ ಹಾಕಿದ ಮರದ ರೀಪುಗಳು ಯಾರ್ಡಿನ ಅಂಗಳದಲ್ಲಿ ಮಳೆಗೆ ಬಿದ್ದಿದ್ದವು. “ರೀಪು ಪಸೆ ಉಂಟು, ಒಣಗಿದ್ದು ಕೊಡಿ” ಎಂದು ಅವರು ಲೋಡಿಂಗ್ ಮೇಸ್ತ್ರಿಗೆ ಹೇಳಿದ್ದರು. ಮೇಸ್ತ್ರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಲೋಡು ಪೂರ್ತಿಯಾದುದನ್ನು ತೋರಿಸಲು ಚಾಲಕರು ಲಾರಿ ಮಾಲೀಕರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಫೋಟೋದಲ್ಲಿ ಆ ರೀಪುಗಳು ನೀರು ಕುಡಿದು ಕಪ್ಪಾಗಿದ್ದುದು ಸ್ಪಷ್ಟವಾಗಿ ಕಾಣುತ್ತದೆ. ಈ ಒಂದು ಫೋಟೋ ಇರದಿದ್ದರೆ ಪ್ರಕರಣದ ಗತಿ ಬೇರೆಯೇ ಆಗುತ್ತಿತ್ತು.

ಘಟ್ಟದ ತಡೆ ಮತ್ತು ಭಾನುವಾರದ ಕಾಯುವಿಕೆ

ಶನಿವಾರ ಬೆಳಿಗ್ಗೆ ಲಾರಿ ಸಕಲೇಶಪುರ ತಲುಪುವಷ್ಟರಲ್ಲಿ ದೋಣಿಗಾಲ್‌ನಿಂದ ಮುಂದೆ ರಸ್ತೆಯ ಮೇಲೆ ಮಣ್ಣು ಕುಸಿದು, ಶಿರಾಡಿ ಘಟ್ಟದಲ್ಲಿ ಭಾರೀ ವಾಹನಗಳನ್ನು ತಡೆದಿದ್ದರು. ಇದು ಮಳೆಗಾಲದ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹೊಸತೇನಲ್ಲ. ಇನ್ನೊಂದು ದಾರಿಯಾದ ಚಾರ್ಮಾಡಿ ಘಟ್ಟದ ತಿರುವುಗಳಲ್ಲಿ ಇಂಥ ಲೋಡಿಗೆ ದಾರಿಯಿಲ್ಲ, ಆದ್ದರಿಂದ ಕಾಯುವುದೊಂದೇ ಉಳಿದಿತ್ತು. ಶನಿವಾರದ ಇಡೀ ಹಗಲು ಮತ್ತು ಅರ್ಧ ರಾತ್ರಿ ಲಾರಿ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಆ ಊರಿನ ರಸ್ತೆ ಬದಿಯಲ್ಲಿ, ಬಿಡದೆ ಸುರಿಯುವ ತಣ್ಣನೆಯ ಮಳೆಯಲ್ಲಿ ನಿಂತಿತ್ತು. ರಾತ್ರಿ ಎರಡು ಗಂಟೆಯ ಹೊತ್ತಿಗೆ ಬಿಟ್ಟಾಗ, ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ, ಬಿ.ಸಿ. ರೋಡ್ ದಾಟಿ, ನಂತೂರು, ಕೂಳೂರು ಮಾರ್ಗವಾಗಿ ಭಾನುವಾರ ಬೆಳಿಗ್ಗೆ ಏಳರ ಸುಮಾರಿಗೆ ಬೈಕಂಪಾಡಿ ಸೇರಿತು.

ಗೋದಾಮಿಗೆ ರಜೆ. ಕಾವಲುಗಾರರೊಬ್ಬರೇ ಇದ್ದರು. ಒಳಗಿನ ಶೆಡ್ಡು ಖಾಲಿ ಇತ್ತು; ಲಾರಿಯನ್ನು ಮಾಡಿನಡಿಗೆ ತಂದು ನಿಲ್ಲಿಸಿಕೊಳ್ಳಬಹುದೇ ಎಂದು ಚಾಲಕರು ಕೇಳಿದರು. ಮೇಲಿನವರ ಅನುಮತಿ ಇಲ್ಲದೆ ಗೇಟು ತೆಗೆಯಲಾಗದೆಂದು ಕಾವಲುಗಾರರು ಹೇಳಿದರು, ಮತ್ತು ಮೇಲಿನವರು ಫೋನ್ ಎತ್ತಲಿಲ್ಲ. ಲಾರಿ ರಸ್ತೆ ಬದಿಯಲ್ಲೇ ಉಳಿಯಿತು.

ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಮಳೆ ಬಿಟ್ಟು ಸ್ವಲ್ಪ ಬಿಸಿಲು ಬಂತು. ಚಾಲಕರು ಟರ್ಪಾಲಿನ ಹಿಂದಿನ ಅಂಚಿನಿಂದ ಕೈ ತೂರಿಸಿ ನೋಡಿದಾಗ ಒಳಮೈ ತೊಯ್ದಿತ್ತು. ಅವರು ಮಾಲೀಕರಿಗೆ ಮಾಡಿದ ಕರೆಯನ್ನು ಇಬ್ಬರೂ ನನ್ನ ಮುಂದೆ ಬಹುತೇಕ ಒಂದೇ ರೀತಿ ನೆನಪಿಸಿಕೊಂಡರು.

“ಧಣಿ, ಮಳೆ ಬಿಟ್ಟಿದೆ. ಒಂದು ಬದಿ ಎತ್ತಿ ಗಾಳಿಗೆ ಬಿಡ್ಲಾ? ಒಳಗೆ ಬೆವರ್ತಾ ಉಂಟು.”

“ಬೇಡ ಮಾರಾಯ. ಪಾರ್ಟಿ ಬಂದು ನೋಡುವವರೆಗೆ ಹಗ್ಗ ಮುಟ್ಟಬೇಡ. ಮತ್ತೆ ನೀನೇ ಒದ್ದೆ ಮಾಡಿದ್ದು ಅಂತ ಹೇಳ್ತಾರೆ.”

ಮಾಲೀಕರ ಮಾತಿನಲ್ಲಿ ದುರುದ್ದೇಶವಿರಲಿಲ್ಲ. ಈ ವ್ಯವಹಾರದಲ್ಲಿ ಕಟ್ಟಿದ ಹಗ್ಗವೇ ಸಾಕ್ಷಿ ಎಂಬ ಅನುಭವದಿಂದ ಅವರು ಹಾಗೆ ಹೇಳಿದ್ದರು. ಆದರೆ ಅದೇ ಸಂಜೆ ಅವರ ಕಚೇರಿಯವರು ಇ-ವೇ ಬಿಲ್ಲಿನ, ಅಂದರೆ ಸರಕು ಸಾಗಣೆಗೆ ಬೇಕಾದ ಜಿಎಸ್‌ಟಿ ದಾಖಲೆಯ, ಅವಧಿಯನ್ನು ಮರೆಯದೆ ವಿಸ್ತರಿಸಿದ್ದರು. 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ, ಸುಮಾರು 360 ಕಿಲೋಮೀಟರ್ ದೂರದ ಈ ಸಾಗಣೆಯ ಅವಧಿ ಭಾನುವಾರ ಮಧ್ಯರಾತ್ರಿಗೆ ಮುಗಿಯುತ್ತಿತ್ತು. ಮುಗಿಯುವ ಎಂಟು ಗಂಟೆ ಮೊದಲಿನಿಂದ ಎಂಟು ಗಂಟೆ ನಂತರದವರೆಗೆ ವಿಸ್ತರಿಸಲು ಅವಕಾಶವಿದೆ. ಕಾಗದಕ್ಕೆ ಗಡಿಯಾರವೂ ಇತ್ತು, ಅದನ್ನು ನೋಡಿಕೊಳ್ಳುವವರೂ ಇದ್ದರು. ಸರಕಿನ ಸ್ಥಿತಿಯನ್ನು ಕಂಡು ಎಚ್ಚರಿಸಿದ ಒಬ್ಬರ ಮಾತಿಗೆ ಯಾವ ಕಾಗದದಲ್ಲೂ ಜಾಗವಿರಲಿಲ್ಲ.

ಸೋಮವಾರ ಹತ್ತು ಗಂಟೆಗೆ ಗೇಟು ತೆರೆದು, ಟರ್ಪಾಲು ಬಿಚ್ಚಿದಾಗ, ಏಳು ಬಂಡಲ್‌ಗಳ ತಗಡಿನ ಮೇಲೆ ಬಿಳಿ ಪುಡಿ ಎದ್ದಿತ್ತು. ಲಾರಿ ರಸೀದಿಯ ಮೇಲೆ ಗೋದಾಮಿನವರು “ಟರ್ಪಾಲು ಸೋರಿ ಮಾಲು ಒದ್ದೆ” ಎಂದು ಬರೆದರು. ಸಹಿ ಹಾಕದಿದ್ದರೆ ರಸೀದಿಯ ಪ್ರತಿ ಕೊಡುವುದಿಲ್ಲವೆಂದಾಗ ಚಾಲಕರು ಅದಕ್ಕೆ ಸಹಿ ಹಾಕಿದರು.

ಪರಿಶೀಲನೆ

ಬುಧವಾರ ನಾನು ಗೋದಾಮಿಗೆ ಹೋದಾಗ ಬಂಡಲ್‌ಗಳನ್ನು ಹಾಗೆಯೇ ಪ್ರತ್ಯೇಕವಾಗಿ ಇಟ್ಟಿದ್ದರು, ಟರ್ಪಾಲುಗಳು ಲಾರಿಯಲ್ಲೇ ಇದ್ದವು. ಲಾರಿಯಲ್ಲಿ ಬಂದ ಸರಕು ಒದ್ದೆಯಾಗಲು ಮೂರು ದಾರಿಗಳಿವೆ: ಮೇಲಿನಿಂದ ಮಳೆ, ಕೆಳಗಿನಿಂದ ಚಕ್ರ ಎರಚುವ ನೀರು, ಮತ್ತು ಒಳಗಿನ ತೇವ. ಮೇಲಿನ ದಾರಿಯನ್ನು ಪರೀಕ್ಷಿಸುವುದು ಸುಲಭ. ಎರಡೂ ಟರ್ಪಾಲುಗಳನ್ನು ನಾಲ್ಕು ಕಂಬಗಳ ನಡುವೆ ತೂಗಿ ಕಟ್ಟಿ, ನೀರು ತುಂಬಿ, ಅರ್ಧ ದಿನ ಬಿಟ್ಟೆವು. ಅಡಿಗೆ ಹಾಸಿದ ಕಾಗದದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಕೆಳಗಿನಿಂದ ನೀರು ಬಂದಿದ್ದರೆ ಅದರ ಜೊತೆ ಘಟ್ಟದ ಕೆಂಪು ಕೆಸರೂ ಬರಬೇಕಾಗಿತ್ತು. ಲಾರಿಯ ಅಡಿಮೈಯಲ್ಲಿ ಆ ಕೆಸರು ಗಟ್ಟಿಯಾಗಿ ಕೂತಿತ್ತು, ಬಂಡಲ್‌ಗಳ ಮೇಲೆ ಅದರ ಗುರುತೇ ಇರಲಿಲ್ಲ.

ಉಳಿದದ್ದು ಮೂರನೆಯದು, ಮತ್ತು ಅದರ ಗುರುತುಗಳು ತಗಡಿನ ಮೇಲೆಯೇ ಇದ್ದವು. ಸೋರಿದ ನೀರು ಒಂದು ಕಡೆಯಿಂದ ಇಳಿದು, ಹರಿದ ಗೆರೆ ಬಿಟ್ಟು, ತಗ್ಗಿನಲ್ಲಿ ನಿಲ್ಲುತ್ತದೆ. ಇಲ್ಲಿ ಹರಿದ ಗೆರೆಗಳಿರಲಿಲ್ಲ. ಬಂಡಲ್‌ಗಳ ತೆರೆದ ತುದಿಗಳಿಂದ ಒಳಕ್ಕೆ ಒಂದು ಗೇಣಿನವರೆಗೆ ಎಲ್ಲ ತಗಡುಗಳಲ್ಲೂ ಸಮನಾಗಿ ಬಿಳಿ ಹಬ್ಬಿತ್ತು. ಯಾರ್ಡಿನವರು ಪ್ಲಾಸ್ಟಿಕ್ ಹಾಳೆಯನ್ನು ಮೇಲಕ್ಕೂ ಬದಿಗಳಿಗೂ ಸುತ್ತಿ, ಎರಡು ತುದಿಗಳನ್ನು ಹಾಗೆಯೇ ಬಿಟ್ಟಿದ್ದರು. ಎರಡು ಬಂಡಲ್‌ಗಳ ತಳದ ತಗಡಿನಲ್ಲಿ, ರೀಪು ಇದ್ದ ಜಾಗದಲ್ಲಿ ಸರಿಯಾಗಿ ರೀಪಿನಷ್ಟೇ ಅಗಲದ, ಅಡ್ಡಕ್ಕೆ ಓಡಿದ ಬಿಳಿ ಪಟ್ಟೆಗಳಿದ್ದವು. ಬೆರಳಿನಿಂದ ಉಜ್ಜಿದರೆ ಬೇರೆಡೆಯ ಪುಡಿ ಉದುರುತ್ತಿತ್ತು. ಈ ಪಟ್ಟೆಗಳಲ್ಲಿ ಮಾತ್ರ ಅದರಡಿಯಲ್ಲಿ ತಗಡು ಕಪ್ಪಾಗಿತ್ತು.

ನಡೆದದ್ದು ಇಷ್ಟು. ಸಕಲೇಶಪುರದ ಜುಲೈ ರಾತ್ರಿಯ ಉಷ್ಣತೆ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. 17 ಟನ್ ಉಕ್ಕು ಒಂದು ಹಗಲು, ಅರ್ಧ ರಾತ್ರಿ ಅಲ್ಲಿ ನಿಂತು ತಣಿಯಿತು, ಮತ್ತು ಅಷ್ಟು ಭಾರದ ಉಕ್ಕು ಒಮ್ಮೆ ತಣಿದರೆ ಬೇಗ ಬಿಸಿಯಾಗುವುದಿಲ್ಲ. ಐದು ಗಂಟೆಗಳಲ್ಲಿ ಅದು ಸಮುದ್ರಮಟ್ಟಕ್ಕೆ ಇಳಿಯಿತು. ಮಂಗಳೂರಿನ ಜುಲೈ ಗಾಳಿಯಲ್ಲಿ ತೇವಾಂಶ ಎಷ್ಟಿರುತ್ತದೆಂದರೆ, 23 ಡಿಗ್ರಿಯ ಸುಮಾರಿಗೆ ತಣಿದ ಯಾವುದೇ ವಸ್ತುವಿನ ಮೇಲೆ ಅದು ಹನಿಗಟ್ಟತೊಡಗುತ್ತದೆ. ಟರ್ಪಾಲು ಮಳೆಯನ್ನು ತಡೆಯುತ್ತದೆಯೇ ಹೊರತು ಗಾಳಿಯನ್ನು ತಡೆಯುವುದಿಲ್ಲ. ಅಡಿಯಿಂದ ನುಗ್ಗಿದ ಗಾಳಿಯ ತೇವ ತಣ್ಣನೆಯ ತಗಡಿನ ಮೇಲೆ ನೀರಾಯಿತು, ನೆನೆದ ರೀಪುಗಳು ಅದಕ್ಕೆ ತಮ್ಮ ಪಾಲನ್ನೂ ಸೇರಿಸಿದವು. ಸತು ಗಾಳಿಗೆ ತೆರೆದುಕೊಂಡಿದ್ದರೆ ಒದ್ದೆಯಾಗಿ ಒಣಗುವಾಗ ತನ್ನ ಮೇಲೆ ತಾನೇ ಗಟ್ಟಿ ಪದರವೊಂದನ್ನು ಕಟ್ಟಿಕೊಳ್ಳುತ್ತದೆ. ಒಂದಕ್ಕೊಂದು ಅಂಟಿ ಕೂತ ತಗಡುಗಳ ನಡುವೆ ನೀರು ಸಿಕ್ಕಿಕೊಂಡು ಗಾಳಿಯಾಡದಿದ್ದರೆ ಆ ಪದರ ಕಟ್ಟದೆ, ಸತುವೇ ಕರಗಿ ಬಿಳಿ ಪುಡಿಯಾಗುತ್ತದೆ. ಇದನ್ನು ಬಿಳಿ ತುಕ್ಕು ಎನ್ನುತ್ತಾರೆ. ಅದು ಏಳಲು ಒಂದೆರಡು ದಿನ ಸಾಕು.

ಹಾಗಾದರೆ ಚಾಲಕರು ಕೇಳಿದಂತೆ ಟರ್ಪಾಲು ಎತ್ತಿದ್ದರೆ ಸರಿಹೋಗುತ್ತಿತ್ತೇ? ಇಲ್ಲಿ ಎಚ್ಚರದಿಂದ ಮಾತನಾಡಬೇಕು. ಹಡಗಿನವರಲ್ಲಿ ಬಹುಕಾಲದಿಂದ ಒಂದು ನಿಯಮವಿದೆ: ಬಿಸಿ ಪ್ರದೇಶದಿಂದ ತಂಪಿನ ಕಡೆ ಹೋಗುವಾಗ ಸರಕಿಗೆ ಗಾಳಿ ಆಡಿಸಬೇಕು, ತಂಪಿನಿಂದ ಬಿಸಿಯ ಕಡೆ ಬರುವಾಗ ಆಡಿಸಬಾರದು. ತಣ್ಣನೆಯ ಉಕ್ಕಿನ ಮೇಲೆ ಬಿಸಿ ತೇವದ ಗಾಳಿ ಬಿಟ್ಟಷ್ಟೂ ನೀರು ಹೆಚ್ಚು ಕೂರುತ್ತದೆ. ಬೈಕಂಪಾಡಿಗೆ ಕೂಗಳತೆಯಲ್ಲಿರುವ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಸರಕು ಪರಿಶೀಲಿಸುವವರಿಗೆ ಇದು ಮೊದಲ ಪಾಠ. ಘಟ್ಟದ ಲಾರಿಗಳ ವಿಷಯದಲ್ಲಿ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಆದ್ದರಿಂದ ಭಾನುವಾರ ಬೆಳಿಗ್ಗೆ ಏಳಕ್ಕೆ ಟರ್ಪಾಲು ಬಿಚ್ಚಿದ್ದರೆ ನಷ್ಟ ಹೆಚ್ಚಾಗುತ್ತಿತ್ತು. ಆದರೆ ಚಾಲಕರು ಕೇಳಿದ್ದು ಮಧ್ಯಾಹ್ನ ಎರಡೂವರೆಗೆ, ಬಿಸಿಲಿನಲ್ಲಿ, ಹೊರಗಿನ ಬಂಡಲ್‌ಗಳು ಕಾದು ಹನಿಗಟ್ಟುವುದು ನಿಂತು, ಸಿಕ್ಕಿಕೊಂಡ ನೀರನ್ನು ಹೊರಹಾಕಬೇಕಾಗಿದ್ದ ಹೊತ್ತಿಗೆ. ಆ ಹೊತ್ತಿನಲ್ಲಿ ಗಾಳಿಯಾಡಿಸುವುದು ಸರಿಯಾದ ಕ್ರಮ. ಶೆಡ್ಡಿನ ಮಾಡಿನಡಿ ನಿಲ್ಲಿಸಿಕೊಂಡಿದ್ದರೆ ಅದನ್ನು ಮಳೆಯ ಭಯವಿಲ್ಲದೆ ಮಾಡಬಹುದಾಗಿತ್ತು. ಅಂದು ಇಡೀ ಸರಪಳಿಯಲ್ಲಿ ಎರಡು ಬಾರಿ ಸರಿಯಾದ ಮಾತನ್ನಾಡಿದವರು ಚಾಲಕರೊಬ್ಬರೇ, ಒಮ್ಮೆ ರೀಪಿನ ಬಗ್ಗೆ, ಒಮ್ಮೆ ಗಾಳಿಯ ಬಗ್ಗೆ. ಎರಡೂ ಬಾರಿ ಅವರ ಮಾತು ನಡೆಯಲಿಲ್ಲ.

ಹಣ ಮತ್ತು ಹೊಣೆ

ಸರಕು ಪಡೆದವರು 1,60,000 ರೂಪಾಯಿ ನಷ್ಟವೆಂದು ಹೇಳಿ ಬಾಡಿಗೆಯ ಬಾಕಿಯನ್ನು ತಡೆಹಿಡಿದರು. ಅವರ ವಿಮಾ ಪಾಲಿಸಿ ತುಕ್ಕನ್ನು ಹೊರಗಿಟ್ಟಿತ್ತು. ಮಾಲೀಕರು ಚಾಲಕರ ಟ್ರಿಪ್ ಬಾಟಾ (ಪ್ರಯಾಣದ ಭತ್ಯೆ) ನಿಲ್ಲಿಸಿ, ಮುಂದೆ ತಿಂಗಳಿಗೆ 5,000 ರೂಪಾಯಿಯಂತೆ ಸಂಬಳದಿಂದ ಮುರಿದುಕೊಳ್ಳುವುದಾಗಿ ತಿಳಿಸಿದರು.

2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಒಪ್ಪಿಕೊಂಡ ಸರಕಿನ ಹೊಣೆ ಸಾಮಾನ್ಯವಾಗಿ ಸಾಗಣೆದಾರರ ಮೇಲಿದೆ, ಆದ್ದರಿಂದ ಸರಕು ಪಡೆದವರು ಮಾಲೀಕರನ್ನು ಕೇಳಿದ್ದರಲ್ಲಿ ತಪ್ಪಿಲ್ಲ. ಮಾಲೀಕರು ಅದನ್ನು ಚಾಲಕರ ಮೇಲೆ ದಾಟಿಸುವುದು ಬೇರೆ ವಿಷಯ. ಒಪ್ಪಿಸಿದ ಸರಕಿಗಾದ ಹಾನಿಗಾಗಿ ಕೆಲಸಗಾರರ ವೇತನದಿಂದ ಕಡಿತ ಮಾಡಬೇಕಾದರೆ ಆ ಹಾನಿ ನೇರವಾಗಿ ಅವರ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಮತ್ತು ಕಡಿತಕ್ಕೆ ಮೊದಲು ಅವರ ಸಮಜಾಯಿಷಿಯನ್ನು ಕೇಳಿರಬೇಕು. ಈ ನಿಯಮ 1936ರ ವೇತನ ಪಾವತಿ ಕಾಯ್ದೆಯಲ್ಲಿ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಸರಕು ಸಾಗಿಸುವ ಸಂಸ್ಥೆಗಳ ಕೆಲಸಗಾರರೂ ಇದರ ವ್ಯಾಪ್ತಿಗೆ ಬರುತ್ತಾರೆ. ಗೋದಾಮಿನ ಬಾಗಿಲಲ್ಲಿ ಒತ್ತಾಯದಿಂದ ಹಾಕಿಸಿಕೊಂಡ ಸಹಿಯನ್ನು ಸಮಜಾಯಿಷಿ ಎನ್ನಲಾಗದು. ಚಾಲಕರಿಗೆ ಈ ನಿಯಮದ ಅರಿವಿರಲಿಲ್ಲ. ಮಾಲೀಕರಿಗೂ ಇರಲಿಲ್ಲವೆಂದೇ ನಾನು ನಂಬುತ್ತೇನೆ, ಏಕೆಂದರೆ ತೋರಿಸಿಕೊಟ್ಟ ಮೇಲೆ ಅವರು ವಾದಿಸಲಿಲ್ಲ.

ನಷ್ಟದ ಮೊತ್ತವೂ ಹೇಳಿದಷ್ಟಿರಲಿಲ್ಲ. ಏಳು ಬಂಡಲ್‌ಗಳಲ್ಲಿ ಐದರದು ಮೇಲ್ಮೈಯ ಪುಡಿಯಷ್ಟೇ ಆಗಿದ್ದು, ಬಿಡಿಸಿ ಒಣಗಿಸಿ ನೈಲಾನ್ ಬ್ರಷ್ಷಿನಿಂದ ಉಜ್ಜಿದಾಗ ಬಳಕೆಗೆ ಬಂದವು. ಪಟ್ಟೆ ಬಿದ್ದ ಎರಡು ಬಂಡಲ್‌ಗಳನ್ನು ಕಡಿಮೆ ದರಕ್ಕೆ ಮಾರಬೇಕಾಯಿತು. ಶುಚಿಗೊಳಿಸಿದ ಕೂಲಿ ಸೇರಿ ನಿಜವಾದ ನಷ್ಟ ಸುಮಾರು 48,000 ರೂಪಾಯಿ ಎಂದು ಎರಡೂ ಕಡೆಯವರು ಒಪ್ಪಿದರು. ಶೆಡ್ಡು ಖಾಲಿಯಿದ್ದೂ ಲಾರಿಯನ್ನು ಒಳಕ್ಕೆ ಬಿಡದ ಕಾರಣಕ್ಕೆ ಸರಕು ಪಡೆದವರು ಒಂದು ಪಾಲನ್ನೂ, ಗಾಳಿಯಾಡಿಸಲು ಬಿಡದ ಕಾರಣಕ್ಕೆ ಲಾರಿ ಮಾಲೀಕರು ಒಂದು ಪಾಲನ್ನೂ ಹೊತ್ತರು. ನನ್ನ ಎಣಿಕೆಯಲ್ಲಿ ದೊಡ್ಡ ಪಾಲು ಒದ್ದೆ ರೀಪು ಹಾಕಿ, ಬಂಡಲ್‌ನ ತುದಿಗಳನ್ನು ತೆರೆದಿಟ್ಟ ಯಾರ್ಡಿನದು. ಚಾಲಕರ ಸಂಬಳದ ಕಡಿತ ರದ್ದಾಗಿ, ಬಾಟಾ ಕೈಗೆ ಬಂತು.

ಮಾಲೀಕರು ತಮ್ಮ ಲಾರಿ ರಸೀದಿಗೆ ಈಗ ಎರಡು ಸಾಲು ಸೇರಿಸಿದ್ದಾರೆ: ಹೇರುವಾಗ ಸರಕು ಮತ್ತು ರೀಪಿನ ಸ್ಥಿತಿ ಹೇಗಿತ್ತು, ತಲುಪಿದಾಗ ಚಾಲಕರು ಏನು ಗಮನಿಸಿದರು ಎಂಬುದನ್ನು ಬರೆಯಲು. ತಗಡು, ಕಾಯಿಲ್‌ನಂಥ ಲೋಡುಗಳಿಗೆ ಮಳೆಗಾಲದಲ್ಲಿ ಕ್ಲೀನರ್ ಇಲ್ಲದೆ ಕಳುಹಿಸುವುದಿಲ್ಲವೆಂದೂ ಹೇಳಿದ್ದಾರೆ. ಯಾರ್ಡಿನವರಿಗೆ ಫೋಟೋಗಳ ಸಮೇತ ಕಳುಹಿಸಿದ ಪತ್ರಕ್ಕೆ ಇದನ್ನು ಬರೆಯುವವರೆಗೆ ಉತ್ತರ ಬಂದಿಲ್ಲ. ಭಾನುವಾರ ಇಡೀ ದಿನ ರಸ್ತೆ ಬದಿಯಲ್ಲಿ ಕಾದದ್ದಕ್ಕೆ ಸರಕು ಪಡೆದವರಿಂದ ಬರಬೇಕಾದ ಹಾಲ್ಟಿಂಗ್ ಹಣವನ್ನು ಮಾಲೀಕರು ಕೇಳಿದ್ದಾರೆ. ಅದರಲ್ಲಿ ತಮಗೂ ಪಾಲು ಬೇಕೆಂದು ಚಾಲಕರು ಕೇಳಿದ್ದಾರೆ, ಮತ್ತು ಆ ಮಾತುಕತೆ ಇನ್ನೂ ನಡೆಯುತ್ತಿದೆ.